ವೇಬ್ರಿಜ್ ಮೇಲೆ ಫುಲ್‌ಬ್ಯಾಕ್

2017 ಜೂನ್ 14, ಬುಧವಾರ. ತೂಕ: 56.4

ಬಾಲಚಂದ್ರ ಎಂಬ ಹೆಸರಿನ, ನಲವತ್ತೊಂಬತ್ತು ವರ್ಷ ವಯಸ್ಸಿನ, ಮೂಲತಃ ತುಮಕೂರಿನ, ಸದ್ಯ ವಿಜಯವಾಡದಲ್ಲಿ ಮೋಟಾರು ವಿಮೆಯ ಸರ್ವೇಯರ್ ಆಗಿರುವ ನಾನು, ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥ ಮನಸ್ಸಿನಿಂದ ಈ ದಿನಚರಿಯ ಎದುರು ಒಪ್ಪಿಕೊಳ್ಳುವುದೇನೆಂದರೆ: ಈ ದಿನ ಬೆಳಿಗ್ಗೆ ಏಳೂವರೆ ಗಂಟೆಗೆ ಆಟೋನಗರದಲ್ಲಿ, ಲಾರಿ ತೂಗುವ ವೇಬ್ರಿಜ್ ಮೇಲೆ ನನ್ನ ಸ್ವಂತ ಮಗನನ್ನು ನಿಲ್ಲಿಸಿ ತೂಗಿಸಿ, ಚೀಟಿ ಪಡೆದು, ಅದಕ್ಕೆ ಮೊಹರನ್ನೂ ಒತ್ತಿಸಿಕೊಂಡಿದ್ದೇನೆ.

ಅಪರಾಧಕ್ಕೆ ಕಾರಣವಿದೆ. ವಿಶಾಖಪಟ್ಟಣದಲ್ಲಿ ಬಂದರಿನ ಕಡೆಯ ಒಂದು ಕಂಪನಿ ತನ್ನ ಹಾಕಿ ತಂಡಕ್ಕೆ ಎರಡು ವರ್ಷಕ್ಕೊಮ್ಮೆ ನಾಲ್ಕು ಹುಡುಗರನ್ನು ಟ್ರೈನಿಗಳಾಗಿ ತೆಗೆದುಕೊಳ್ಳುತ್ತದೆ. ಹಾಸ್ಟೆಲು, ಊಟ, ಕಾಲೇಜು ಎಲ್ಲ ಅವರದು. ಪಳಗಿದರೆ ಇಪ್ಪತ್ತೊಂದಕ್ಕೆ ಕಾಯಂ ನೌಕರಿ. ವಯಸ್ಸು ಹದಿನೆಂಟು ದಾಟಿರಬಾರದು. ಮಗ ಸಾಯಿತೇಜನಿಗೆ ಈಗ ಹದಿನೇಳು; ಮುಂದಿನ ಸಲಕ್ಕೆ ಅವನು ಮುದುಕ. ಅಂದರೆ ಈ ಬಾರಿ ಇಲ್ಲವೆಂದರೆ ಎಂದೆಂದಿಗೂ ಇಲ್ಲ. ತೇಜ ಗೋಲಿನ ಮುಂದೆ ಕಾಯುವ ಫುಲ್‌ಬ್ಯಾಕ್. ಅಂಥ ಡಿಫೆನ್ಸ್ ಹುಡುಗರಿಗೆ ಎತ್ತರ ನೂರೆಪ್ಪತ್ತು ಸೆಂಟಿಮೀಟರ್ ಇರಬೇಕು, ತೇಜ ನೂರೆಪ್ಪತ್ತಮೂರು. ತೂಕ ಅರವತ್ತು ಕಿಲೋ ಇರಬೇಕು, ಅದಕ್ಕೆ ಪುರಾವೆಯನ್ನೂ ಲಗತ್ತಿಸಬೇಕು. ಅಲ್ಲೇ ಇರುವುದು ಕೊರತೆ.

ನಲವತ್ತು ಟನ್ ತೂಗುವ ಯಂತ್ರಕ್ಕೆ ಚಿಲ್ಲರೆ ಅರ್ಥವಾಗುವುದಿಲ್ಲ. ಅದು ಎಣಿಸುವುದು ಹತ್ತತ್ತು ಕಿಲೋ. ಐವತ್ತಾರನ್ನು ನೋಡಿ ಅರವತ್ತು ಎಂದಿತು. ವೇಬ್ರಿಜ್ ನೋಡಿಕೊಳ್ಳುವ ಕಾಮೇಶ್ವರ ನನ್ನ ಹಳೆಯ ಪರಿಚಯ. (ಜನ ತೆಲುಗಿನಲ್ಲಿ ಆಡಿದ್ದನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ದಿನಚರಿಗೆ ಎರಡು ಭಾಷೆ ಕಲಿಸುವ ವ್ಯವಧಾನ ನನಗಿಲ್ಲ. ಅಪ್ಪನಿಗೆ 'ನಾನ್ನ', ಮರ್ಯಾದೆಗೆ 'ಗಾರು', 'ಅಂಡಿ', ಇಂಥವು ಮಾತ್ರ ಹಾಗೇ ನುಸುಳುತ್ತವೆ.)

"ಸಾರ್, ಸರಕು ಅನ್ನೋ ಕಡೆ ಏನು ಬರೀಲಿ? ಸಿಮೆಂಟಾ, ಮಾವಿನಕಾಯಾ?" ಎಂದ.

"ಹಾಕಿ ಅಂತ ಹಾಕಿ" ಎಂದೆ. ಕನ್ನಡ ಬಾರದವನ ಮುಂದೆ ಇಂಥ ಶ್ಲೇಷೆ ವ್ಯರ್ಥವಾಯಿತು.

ತೇಜ ಮಾತ್ರ ಆ ಕಬ್ಬಿಣದ ಬಯಲಿನ ಮಧ್ಯೆ ಒಂಟಿಯಾಗಿ ನಿಂತು, "ನಾನ್ನ, ಇದು ಲಾರೀದು ಕದಾ. ಅಲ್ಲಿ ಮತ್ತೆ ತೂಗಿದರೆ?" ಎಂದು ಕೇಳಿದ.

"ಅಷ್ಟರಲ್ಲಿ ನೀನೂ ಲಾರಿ ಆಗಿರ್ತೀಯ" ಎಂದೆ.

ಟ್ರಯಲ್ಸ್ ಅಕ್ಟೋಬರಿನಲ್ಲಿ. ನಾಲ್ಕು ತಿಂಗಳು, ನಾಲ್ಕು ಕಿಲೋ.

ಜೂನ್ 18, ಭಾನುವಾರ. ತೂಕ: 56.3

ಮಾರ್ಗದರ್ಶನ ಪಡೆಯೋಣವೆಂದು ಕೋಚ್ ಸತ್ಯಮೂರ್ತಿಗಾರನ್ನು ಕಂಡೆ. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಇಲಾಖೆಯ ತಂಡಕ್ಕೆ ಹದಿನಾರು ವರ್ಷ ಫುಲ್‌ಬ್ಯಾಕ್ ಆಡಿದವರು. ಈಗ ಹುಡುಗರನ್ನು ವಿಂಗಡಿಸುತ್ತಾರೆ.

ಅವರದೊಂದು ಪದ್ಧತಿಯಿದೆ. ಮೈದಾನದ ಶೆಡ್ಡಿನಲ್ಲಿ ಗೋಡೆಗೆ ತಾಗಿಸಿ ಒಂದು ಮರದ ಬೆಂಚು. ಮೂರು ತಿಂಗಳಿಗೊಮ್ಮೆ ಪ್ರತಿ ಹುಡುಗನನ್ನೂ ಮೊದಲು ನಿಲ್ಲಿಸಿ, ಆಮೇಲೆ ಕೂರಿಸಿ, ಎರಡು ಸಲ ಎತ್ತರ ಅಳೆಯುತ್ತಾರೆ. ನಿಂತ ಎತ್ತರ ನೋಡಿ ನಾನು ಬೀಗುತ್ತಿದ್ದರೆ ಅವರು ಕೂತ ಎತ್ತರ ನೋಡಿ ತಲೆಯಾಡಿಸಿದರು.

"ಕಾಲು ಬೆಳೆದು ಮುಗಿದಿದೆ, ಬಾಲಚಂದ್ರಗಾರೂ. ಬೆನ್ನು ಈಗ ಹೊರಟಿದೆ. ಬೆನ್ನು ಬೆಳೆಯೋ ಹೊತ್ತಲ್ಲಿ ಅದರ ಮೇಲೆ ಭಾರ ಹೊರಿಸಬಾರದು. ಹಗ್ಗದಾಟ ಆಡಲಿ, ಈಜಲಿ, ತನ್ನ ಮೈಭಾರವನ್ನೇ ತಾನು ಎತ್ತಲಿ. ಕಬ್ಬಿಣ ಬೇಡ."

"ಫುಲ್‌ಬ್ಯಾಕಿಗೆ ಬ್ಯಾಕೇ ಫುಲ್ ಆಗಿಲ್ಲ ಅನ್ನಿ."

ಅವರು ನಗಲಿಲ್ಲ. "ಇವನ ಕಣ್ಣು ಇಪ್ಪತ್ತೈದು ವರ್ಷದ್ದು. ಚೆಂಡು ಹೊರಡೋ ಮುಂಚೆ ಇವನು ಅಲ್ಲಿರ್ತಾನೆ. ಮೈಗೆ ಇನ್ನೂ ಹದಿನೈದು. ಫಾರ್ವರ್ಡ್ ಆದವನು ಒಂದು ಸಲ ಗೆದ್ದರೆ ಪೇಪರಲ್ಲಿ ಬರ್ತಾನೆ. ಬ್ಯಾಕ್ ಅರವತ್ತು ನಿಮಿಷವೂ ಸೋಲಬಾರದು. ಅದಕ್ಕೇ ನಮ್ಮವರು ತಡವಾಗಿ ಹಣ್ಣಾಗೋದು, ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ."

"ಕಂಪನಿಯವರು ಹದಿನೆಂಟಕ್ಕೇ ಕಿತ್ತುಕೊಳ್ತಾರಲ್ಲ."

"ಅದು ಕಂಪನಿ ತಪ್ಪು. ನಿಮ್ಮದಾಗೋದು ಬೇಡ."

ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಸಾವಿರ ಲಾರಿ ಸರ್ವೇ ಮಾಡಿದವನು ನಾನು. ಯಾವ ಚಾಸಿಸ್ ಎಷ್ಟು ಹೊರುತ್ತದೆಂದು ಟೈರ್ ನೋಡಿ ಹೇಳಬಲ್ಲೆ. ನನಗೆ ಬೆಂಚಿನ ಶಾಸ್ತ್ರ ಹೇಳುತ್ತಾರೆ.

ಜುಲೈ 3, ಸೋಮವಾರ. ತೂಕ: 56.8

ಪೌಷ್ಟಿಕಾಂಶ ಅಭಿಯಾನದ ಎರಡನೇ ವಾರ. ಬೆಳಿಗ್ಗೆ ನಾಲ್ಕು ಮೊಟ್ಟೆ, ಮಧ್ಯಾಹ್ನ ಮಾಧವಿಯ ಪಪ್ಪು ಅನ್ನ, ರಾತ್ರಿ ನನ್ನ ಕೈಯಾರೆ ತೊಳಸಿದ ರಾಗಿಮುದ್ದೆ. ನನ್ನ ಹೆಂಡತಿ ಮಾಧವೀಲತಾ ಶಾಲೆಯ ವಿಜ್ಞಾನದ ಟೀಚರು. ಹುಟ್ಟಿದ್ದು ಗವರ್ನರ್‌ಪೇಟೆಯಲ್ಲಿ, ಮುದ್ದೆಗೆ ಇಂದಿಗೂ ದೂರದಿಂದಲೇ ನಮಸ್ಕರಿಸುತ್ತಾಳೆ.

"ಏವಂಡಿ, ಮಗು ಊಟ ಮಾಡ್ತಾ ಇದ್ದಾನಾ, ನೀವು ಗುಂಡಿ ಮುಚ್ಚುತಾ ಇದ್ದೀರಾ?"

"ರಕ್ಷಣೆಗೆ ನಿಲ್ಲೋನಿಗೆ ಭಕ್ಷಣೆ ಬೇಕು."

ಮುದ್ದೆ ತಿಂದು ತೇಜ ಫಿಸಿಕ್ಸ್ ಪುಸ್ತಕದ ಮೇಲೆ ಮಲಗಿಬಿಟ್ಟ. ತೂಕ ಹೆಚ್ಚಲಿಲ್ಲ, ತೂಕಡಿಕೆ ಹೆಚ್ಚಿತು.

ಜುಲೈ 22, ಶನಿವಾರ. ತೂಕ: 57.1

ಗುಂಟೂರಿನ ತಂಡದೊಂದಿಗೆ ಸ್ನೇಹಪಂದ್ಯ. ಮೂರು ಸಲ ತೇಜ ಎದುರಾಳಿಯ ಮನಸ್ಸನ್ನೇ ಓದಿದಂತೆ ಅಡ್ಡ ನಿಂತ. ಮೂರು ಸಲವೂ ಆ ಎಮ್ಮೆಯಂಥ ಹುಡುಗ ಭುಜ ಕೊಟ್ಟು ಇವನನ್ನು ಪಕ್ಕಕ್ಕೆ ಸರಿಸಿ ಹೋದ, ಬಾಗಿಲ ಪರದೆ ಸರಿಸಿದ ಹಾಗೆ. ಎರಡು ಗೋಲು. ಸತ್ಯಮೂರ್ತಿಗಾರು "ಜಾಗ ಸರಿಯಾಗಿತ್ತು, ಅದು ಸಾಕು" ಎಂದರು. ಯಾರಿಗೆ ಸಾಕು?

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ತೇಜ ಕನ್ನಡದಲ್ಲಿ ಹೇಳಿದ, "ಅಪ್ಪ, ನಾನು ಮೊದಲೇ ಹೋಗಿರ್ತೀನಿ. ಆದರೆ ಅಲ್ಲಿ ಇರೋಕಾಗಲ್ಲ." ಅವನು ಕನ್ನಡಕ್ಕೆ ಇಳಿದರೆ ವಿಷಯ ಗಂಭೀರವೆಂದು ಅರ್ಥ.

ಬೆಂಜ್ ಸರ್ಕಲ್ಲಿನ ಹತ್ತಿರ ಒಂದು ಜಿಮ್ಮಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದರ ಬೋರ್ಡು ಓದಿದೆ.

ಜುಲೈ 25, ಮಂಗಳವಾರ. ತೂಕ: 57.1

ಸೇರಿಸಿದೆ. ವಾರಕ್ಕೆ ನಾಲ್ಕು ದಿನ, ಹೆಗಲ ಮೇಲೆ ಕಬ್ಬಿಣ ಹೊತ್ತು ಕೂತು ಏಳುವುದು. ಸತ್ಯಮೂರ್ತಿಗಾರಿಗೆ ಹೇಳಬಾರದೆಂದು ತೇಜನಿಗೆ ಹೇಳಿದ್ದೇನೆ. ಹಿರಿಯರ ಮನಸ್ಸು ನೋಯಿಸಬಾರದು.

ಆಗಸ್ಟ್ 19, ಶನಿವಾರ. ತೂಕ: 58.7

ಐವತ್ತೆಂಟು ಪಾಯಿಂಟ್ ಏಳು. ಭುಜ ಚೌಕಕ್ಕೆ ಬಂದಿದೆ. ಮಾಧವಿ ಹಳೆಯ ಅಂಗಿಯ ಗುಂಡಿ ಹಾಕಲಾರದೆ "ಏನು ತಿನ್ನಿಸ್ತಿದ್ದೀರಿ ಇವನಿಗೆ?" ಎಂದಳು. ಇಂದಿನ ಪಂದ್ಯದಲ್ಲಿ ತೇಜನೇ ಒಬ್ಬನನ್ನು ಪರದೆಯಂತೆ ಸರಿಸಿದ. ಆಟೋನಗರದಲ್ಲಿ ನೂರು ಲಾರಿ ಬಾಡಿ ಬಿಲ್ಡಿಂಗ್ ಶೆಡ್ಡುಗಳಿವೆ. ನೂರ ಒಂದನೆಯದು ನನ್ನ ಮನೆ. ಸರ್ವೇ ಜನಾಃ ಸುಖಿನೋ ಭವಂತು, ಸರ್ವೇ ಮಾಡುವ ಜನರೂ.

ಸೆಪ್ಟೆಂಬರ್ 10, ಭಾನುವಾರ. ತೂಕ: 59.5

ತೇಜ ಶೂ ಲೇಸನ್ನು ಕುರ್ಚಿಯ ಮೇಲೆ ಕಾಲಿಟ್ಟು ಕಟ್ಟುತ್ತಿದ್ದ. ಮೊದಲು ಬಾಗಿಲ ಮೆಟ್ಟಿಲಲ್ಲಿ ಬಗ್ಗಿ ಕಟ್ಟುತ್ತಿದ್ದ. ದೊಡ್ಡವನಾಗುತ್ತಿದ್ದಾನೆ.

ಸೆಪ್ಟೆಂಬರ್ 29, ಶುಕ್ರವಾರ. ತೂಕ: 60.1

ಆಯುಧಪೂಜೆ. ಆಟೋನಗರದ ತುಂಬ ಬೂದುಗುಂಬಳ ಒಡೆದು, ರಸ್ತೆಯೇ ಒಂದು ದೊಡ್ಡ ಪಲ್ಯಕ್ಕೆ ಹೆಚ್ಚಿಟ್ಟ ಹಾಗಿತ್ತು. ಮನೆಯಲ್ಲಿ ನನ್ನ ಅಳತೆ ಟೇಪು, ಮಾಧವಿಯ ಸೀಮೆಸುಣ್ಣದ ಡಬ್ಬಿ, ತೇಜನ ಹಾಕಿ ಸ್ಟಿಕ್ಕು, ಮೂರಕ್ಕೂ ಕುಂಕುಮ.

ಅರವತ್ತು ದಾಟಿತು. ಕುಣಿಯಬೇಕಾಗಿತ್ತು.

ಮಾಧವಿ "ಸಾಷ್ಟಾಂಗ ಮಾಡು ಕನ್ನಾ" ಎಂದಳು. ತೇಜ ಒಂದು ಕೈ ಗೋಡೆಗೆ ಕೊಟ್ಟ. ಒಂದು ಮಂಡಿ ಊರಿದ, ಆಮೇಲೆ ಇನ್ನೊಂದು. ಅಲ್ಲಿಗೇ ನಿಲ್ಲಿಸಿ ಕೈ ಮುಗಿದು, "ಜಾಗ ಇಲ್ಲಮ್ಮಾ" ಎಂದ. ಜಾಗ ಬೇಕಾದಷ್ಟಿತ್ತು.

ಎಲ್ಲರೂ ಮಲಗಿದ ಮಧ್ಯಾಹ್ನ ಅವನ ಶೂಗಳನ್ನು ತಿರುವಿ ನೋಡಿದೆ. ಇದು ವೃತ್ತಿಯ ಚಾಳಿ. ಚಾಸಿಸ್ ಸೊಟ್ಟಗಿದ್ದರೆ ಮಾಲೀಕ ಎಷ್ಟೇ ಬಣ್ಣ ಬಳಿಸಿರಲಿ, ಟೈರು ಒಂದೇ ಕಡೆ ಸವೆದು ಸತ್ಯ ಹೇಳುತ್ತದೆ. ಎಡಗಾಲಿನ ಶೂ ಹೊರ ಅಂಚಿನಲ್ಲಿ ಸವೆದಿದೆ. ಬಲಗಾಲಿನದು ಹೊಸದರಂತಿದೆ.

ಟ್ರಯಲ್ಸ್‌ಗೆ ಎರಡು ವಾರವಿದೆ. ಸುಸ್ತಿರಬಹುದು.

ಅಕ್ಟೋಬರ್ 4, ಬುಧವಾರ

ಜಿಮ್ ಬಿಡಿಸಿದೆ. "ಸಾಕು, ಅರವತ್ತಾಯಿತಲ್ಲ" ಎಂದೆ. "ಸರೇ" ಎಂದ.

ಅಕ್ಟೋಬರ್ 13, ಶುಕ್ರವಾರ. ವಿಶಾಖಪಟ್ಟಣ

ನಿನ್ನೆ ರತ್ನಾಚಲ ಎಕ್ಸ್‌ಪ್ರೆಸ್ ರೈಲಿನಲ್ಲಿ ಬಂದೆವು. ಆರು ಗಂಟೆಯ ದಾರಿಯಲ್ಲಿ ತೇಜ ನಾಲ್ಕು ಗಂಟೆ ಬಾಗಿಲ ಬಳಿಯೇ ನಿಂತಿದ್ದ. "ಕೂತು ಕೂತು ಬೋರು" ಎಂದ. ಕೂತದ್ದು ಯಾವಾಗ ಎಂದು ಕೇಳಬೇಕೆನಿಸಿತು.

ಇಂದು ದೇಹದ ಪರೀಕ್ಷೆಗಳು. ಕಂಪನಿಯ ಫಿಸಿಯೋ ಹೇಮಾಕ್ಷಿ ಎಂಬ ಮೂವತ್ತರ ಹೆಣ್ಣುಮಗಳು. ನಮ್ಮ ಅರ್ಜಿಗೆ ಲಗತ್ತಿಸಿದ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. "ಗ್ರಾಸ್ ತೂಕ ಅರವತ್ತು, ಖಾಲಿ ಗಾಡಿ ಸೊನ್ನೆ, ಸರಕು ಹಾಕಿ. ಇದು ಯಾವ ಕ್ಲಿನಿಕ್ಕಿಂದು ಅಂಡಿ?"

"ಭಾರೀ ಕ್ಲಿನಿಕ್ಕಮ್ಮ" ಎಂದೆ. ಅವಳು ನಗು ತಡೆದು ತೇಜನನ್ನು ತನ್ನ ಮಿಷನ್ ಮೇಲೆ ನಿಲ್ಲಿಸಿದಳು. 60.4. ಪ್ರಾಮಾಣಿಕ ತೂಕ.

ಆಮೇಲೆ ಒಂಟಿಕಾಲಲ್ಲಿ ನಿಂತು ಹಿಂದಕ್ಕೆ ಬಾಗಲು ಹೇಳಿದಳು. ಎಡಗಾಲು, ಸರಿ. ಬಲಗಾಲಿನಲ್ಲಿ ಅರ್ಧಕ್ಕೆ ಬಂದವನು ತುಟಿ ಒಳಗೆಳೆದುಕೊಂಡ.

"ನೋವಿದೆಯಾ ಸಾಯಿತೇಜ?"

ಅವನು ನನ್ನ ಕಡೆ ನೋಡಿದ. "ಇಲ್ಲ ಮೇಡಂ."

ಅವಳೂ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡಿದೆ. ಆಮೇಲೆ ಅವಳು ಹುಡುಗರ ಅಪ್ಪ ಅಮ್ಮಂದಿರೆಲ್ಲ ಹೊರಗೆ ಟೀ ಕುಡಿದು ಬರಬಹುದೆಂದಳು. ಎರಡು ಟೀ ಕುಡಿದೆ. ಎರಡಕ್ಕೂ ರುಚಿ ಇರಲಿಲ್ಲ.

ಅಕ್ಟೋಬರ್ 14, ಶನಿವಾರ. ವಿಶಾಖಪಟ್ಟಣ

ಪಂದ್ಯ. ಮೊದಲ ಇಪ್ಪತ್ತು ನಿಮಿಷ ನನ್ನ ಮಗ ಆಡಿದ್ದನ್ನು ಹೇಗೆ ಬರೆಯಲಿ. ಅವನು ಓಡಿದ್ದು ಕಡಿಮೆ. ನಿಂತಲ್ಲಿಂದ ಎರಡು ಹೆಜ್ಜೆ, ಸ್ಟಿಕ್ಕು ನೆಲಕ್ಕೆ, ಚೆಂಡು ಅವನ ಹತ್ತಿರ. ಎದುರಿನ ಫಾರ್ವರ್ಡು ಒಮ್ಮೆ ತಿರುಗಿ ಅವನನ್ನೇ ನೋಡಿದ, ಮನೆಗೆ ನುಗ್ಗಿದ ಕಳ್ಳನಿಗೆ ಒಳಗೆ ಯಾರೋ ದೀಪ ಹಾಕಿದ ಹಾಗೆ. ನನ್ನ ಪಕ್ಕದಲ್ಲಿದ್ದ ಯಾರದೋ ಅಪ್ಪ "ಆ ಹುಡುಗ ಯಾರು?" ಎಂದರು.

ಇಪ್ಪತ್ತೊಂದನೇ ನಿಮಿಷಕ್ಕೆ ಅವನನ್ನು ಹೊರಗೆ ಕೂರಿಸಿದರು. ಮತ್ತೆ ಇಳಿಸಲೇ ಇಲ್ಲ. ಉಳಿದ ಬ್ಯಾಕ್‌ಗಳಿಂದೆಲ್ಲ ಪೆನಾಲ್ಟಿ ಕಾರ್ನರ್ ಹೊಡೆಸಿದರೂ ಇವನಿಗೆ ಹೇಳಲಿಲ್ಲ. ನೋಡುವುದನ್ನೆಲ್ಲ ನೋಡಿಯಾಯಿತು ಎಂದರ್ಥ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು.

ವಾಪಸು ರೈಲು ನಾಳೆ. ಸಂಜೆ ಸಮುದ್ರದ ದಂಡೆಗೆ ಹೋದೆವು. ಮರಳಿನಲ್ಲಿ ಅವನು ಬೆನ್ನು ಚಾಚಿ ಮಲಗಿದ, ಬಹಳ ಹೊತ್ತು. ನಾನು ಪಕ್ಕದಲ್ಲಿ ಕೂತು ಜೋಳ ತಿಂದೆ. ಅವನ ತೆನೆಯೂ ನನ್ನ ಕೈಯಲ್ಲೇ ಆರಿತು.

ಅಕ್ಟೋಬರ್ 24, ಮಂಗಳವಾರ

ಕಾಗದ ಬಂತು. ಆಯ್ಕೆಯಾಗಿದ್ದಾನೆ. ನಾಲ್ವರಲ್ಲಿ ಮೂರನೆಯ ಹೆಸರು. "ವೈದ್ಯಕೀಯ ವಿಭಾಗದ ಒಪ್ಪಿಗೆಗೆ ಒಳಪಟ್ಟು, ಸೇರುವ ದಿನವನ್ನು ಅವರೇ ತಿಳಿಸುತ್ತಾರೆ" ಎಂದು ಕೆಳಗೊಂದು ಸಾಲು. ನನ್ನ ಸರ್ವೇ ವರದಿಯ ಕೊನೆಯಲ್ಲೂ ಇಂಥ ಒಂದು ಸಾಲಿರುತ್ತದೆ. ಯಾರೂ ಓದುವುದಿಲ್ಲ.

ಮಾಧವಿ ಅತ್ತಳು. ತೇಜ ಕಾಗದವನ್ನು ಎರಡು ಸಲ ಓದಿ, ಮಡಿಸಿ, ನನ್ನ ಕೈಗೆ ಕೊಟ್ಟ.

ಸಿಹಿ ತೆಗೆದುಕೊಂಡು ಸತ್ಯಮೂರ್ತಿಗಾರ ಮನೆಗೆ ಹೋದೆ. ಪೂತರೇಕು ಬಾಯಿಗಿಡುವ ಮೊದಲೇ ಕೇಳಿದರು, "ಬೆನ್ನು ನೋವು ಎಷ್ಟು ದಿನದಿಂದ?"

ಜಿಮ್ಮಿನ ಮಾತು ಅವರಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು.

"ಮುಚ್ಚಿಟ್ಟು ಹೋದರೆ ಒಂದು ಸೀಸನ್ ಆಡ್ತಾನೆ. ಆರು ತಿಂಗಳು ಸ್ಟಿಕ್ ಮುಟ್ಟದೆ ಇದ್ದರೆ ಹನ್ನೆರಡು ವರ್ಷ ಆಡ್ತಾನೆ. ಅವರಿಗೆ ಹೇಳಿಬಿಡಿ."

"ಹೇಳಿದರೆ ಐದನೇ ಹುಡುಗನನ್ನು ಕರೀತಾರೆ ಸಾರ್. ಇವನಿಗೆ ಮತ್ತೆ ಬಾಗಿಲಿಲ್ಲ."

"ಕರೀಬಹುದು" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯಲ್ಲ.

ಅಕ್ಟೋಬರ್ 26, ಗುರುವಾರ

ಕಂಪನಿಗೆ ಫೋನು ಮಾಡಲಿಲ್ಲ. ಸರ್ವೇ ಕೆಲಸ ಬಹಳವಿತ್ತು.

ಅಕ್ಟೋಬರ್ 27, ಶುಕ್ರವಾರ

ಮಾಡಿದೆ. ಎರಡು ರಿಂಗಾಗುತ್ತಲೇ ಕಡಿದೆ.

ಅಕ್ಟೋಬರ್ 29, ಭಾನುವಾರ

ತೇಜ ವರಾಂಡದಲ್ಲಿ ಚಾಪೆ ಹಾಕಿಕೊಂಡು ಮಲಗಿ ಓದುತ್ತಿದ್ದ. ಪಕ್ಕದಲ್ಲಿ ನಾನೂ ಮಲಗಿದೆ. ನೆಲ ತಣ್ಣಗಿತ್ತು. ಕೆಮಿಸ್ಟ್ರಿಯಲ್ಲಿ ಏನೋ ಕೇಳಿದ, ಗೊತ್ತಿಲ್ಲವೆಂದೆ. ಅವನೇ ನನಗೆ ವಿವರಿಸಿದ, ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಅವನ ಗಂಟಲು ಒಡೆದು ಗಡಸಾಗಿರುವುದನ್ನು ಇಂದು ಗಮನಿಸಿದೆ. ಯಾವಾಗ ಆಯಿತೋ. ಏಳುವಾಗ ಕೈ ಕೊಟ್ಟೆ, ಹಿಡಿದುಕೊಂಡು ಎದ್ದ.

ನವೆಂಬರ್ 1, ಬುಧವಾರ

ಈ ದಿನವನ್ನು ವಿವರವಾಗಿ ಬರೆದಿಡಬೇಕು. ಮುಂದೆ ಎಂದಾದರೂ ನನ್ನ ಮೇಲೆ ನನಗೇ ಅನುಮಾನ ಬಂದರೆ ಓದಿಕೊಳ್ಳಲು ಬೇಕಾಗುತ್ತದೆ.

ಬೆಳಿಗ್ಗೆ ಹತ್ತು ಗಂಟೆಗೆ, ಆಟೋನಗರದಲ್ಲಿ, ಮುಖ ಜಜ್ಜಿಹೋದ ಒಂದು ಟಿಪ್ಪರಿನ ನೆರಳಲ್ಲಿ ನಿಂತು ನಾನು ಹೇಮಾಕ್ಷಿ ಮೇಡಂಗೆ ಫೋನು ಮಾಡಿದೆ. ಯಾರೂ ನನ್ನನ್ನು ದೂಡಲಿಲ್ಲ. ಮಾಧವಿಗೂ ಹೇಳಿರಲಿಲ್ಲ. ಒಬ್ಬ ತಂದೆ ತನ್ನ ಮಗನ ನೌಕರಿಯನ್ನು, ಬಹುಶಃ ಇಡೀ ಆಟವನ್ನೇ, ತನ್ನ ಕೈಯಾರೆ ತೂಗುಯ್ಯಾಲೆಗೆ ಹಾಕಿ ಸತ್ಯ ನುಡಿಯುವುದು ಸಣ್ಣ ಮಾತಲ್ಲ. ನಮ್ಮ ಪರಿಚಯಸ್ಥರಲ್ಲಿ ಹೀಗೆ ಮಾಡುವವರು ಎಷ್ಟು ಜನರಿದ್ದಾರೆಂದು ಎಣಿಸಿದೆ. ಎಣಿಕೆ ನನ್ನಲ್ಲೇ ಆರಂಭವಾಗಿ ನನ್ನಲ್ಲೇ ಮುಗಿಯಿತು.

ಒಂದೇ ಉಸಿರಿಗೆ ಹೇಳಿದೆ: ಬೆನ್ನು ನೋವಿದೆ, ಎರಡು ತಿಂಗಳಿಂದ ಇದೆ, ಟ್ರಯಲ್ಸ್‌ನಲ್ಲೂ ಇತ್ತು, ಕೋಚ್ ಬೇಡವೆಂದರೂ ಕಬ್ಬಿಣ ಹೊರಿಸಿದವನು ನಾನು, ಹುಡುಗನ ತಪ್ಪೇನಿಲ್ಲ, ನೀವು ಏನು ತೀರ್ಮಾನ ಮಾಡಿದರೂ ಸರಿ. ಕೊನೆಯ ಮಾತಿಗೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಟಿಪ್ಪರಿನ ಡ್ರೈವರ್, ತನ್ನ ಗಾಡಿಯ ಸ್ಥಿತಿಗೆ ನಾನು ಅಳುತ್ತಿದ್ದೇನೆಂದು ಭಾವಿಸಿ, ನೀರಿನ ಬಾಟಲಿ ಕೊಟ್ಟ.

ಆ ಕಡೆಯಿಂದ "ಥ್ಯಾಂಕ್ಸ್ ಅಂಡಿ" ಎಂದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಬೆನ್ನಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿನ ಗೆರೆ ಇರಬಹುದು. ಬೆಳೆಯುವ ಹುಡುಗರಲ್ಲಿ ಇದು ಆಗುತ್ತದೆ, ಭಾರ ಬಿದ್ದರೆ ಬೇಗ ಆಗುತ್ತದೆ, ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದೆ. ಶನಿವಾರ ಸ್ಕ್ಯಾನ್ ಮಾಡಿಸಿ ಕಳಿಸಬೇಕು. ಏಪ್ರಿಲ್‌ವರೆಗೆ ಸ್ಟಿಕ್ ಮುಟ್ಟುವಂತಿಲ್ಲ. ಆಗ ಹಿಂದಕ್ಕೆ ಬಾಗಿ ನೋವಿಲ್ಲವೆಂದು ತೋರಿಸಿದರೆ ಜಾಗ ಅವನದೇ. ಐದನೇ ಹುಡುಗನನ್ನು ಕರೆದಿಲ್ಲ, ಕರೆಯುವುದೂ ಇಲ್ಲ.

ನನ್ನ ಕಾಲಿಗೆ ನೆಲ ಸಿಕ್ಕಿತು. ಸತ್ಯಕ್ಕೆ ಜಯ ಎಂದು ಬೋರ್ಡುಗಳಲ್ಲಿ ಓದಿದ್ದೆ, ಕೈಗೆ ಸಿಕ್ಕಿದ್ದು ಇದೇ ಮೊದಲು. "ಇಷ್ಟು ಬೇಗ ಹೇಗೆ ತೀರ್ಮಾನ ಮಾಡಿದಿರಿ ಮೇಡಂ?" ಎಂದು, ಹೊಗಳಿಕೆಯ ಎರಡು ಮಾತಿನ ಆಸೆಯಿಂದಲೇ, ಕೇಳಿದೆ.

ದಿನಚರಿ ಇಲ್ಲಿಗೆ ನಿಂತರೆ ನನಗೆ ಶೋಭೆ. ಆದರೆ ಬರೆಯುತ್ತೇನೆ.

"ಇವತ್ತಲ್ಲ ಅಂಡಿ" ಎಂದಳು. "ನೀವು ಟೀ ಕುಡಿಯೋಕೆ ಹೋದಾಗಲೇ ಸಾಯಿತೇಜ ಎಲ್ಲ ಹೇಳಿದ. ಎಲ್ಲಿ ನೋವು, ಯಾವತ್ತಿಂದ, ಎಷ್ಟು ಕಿಲೋ ಎತ್ತಿದ್ದು, ಎಲ್ಲ. ಅದಕ್ಕೇ ಇಪ್ಪತ್ತೇ ನಿಮಿಷ ಆಡಿಸಿದ್ದು. ಆ ಇಪ್ಪತ್ತು ನಿಮಿಷ ನೋಡಿಯೇ ಕಾಯೋಣ ಅಂತ ಕೋಚ್ ಹೇಳಿದ್ದು. ಕಾಗದದಲ್ಲೂ ಬರೆದಿದ್ವಲ್ಲ."

"ನನಗೆ ಯಾಕೆ ಹೇಳಲಿಲ್ಲ ಅವನು?"

"ಹೇಳಬೇಡಿ ಅಂತ ಕೇಳಿಕೊಂಡ. ಜಿಮ್ಮಿಗೆ ಹಾಕಿದ್ದು ನಾನ್ನ, ಗೊತ್ತಾದರೆ ತುಂಬ ನೊಂದ್ಕೋತಾರೆ, ಅವರಾಗೇ ಫೋನ್ ಮಾಡೋವರೆಗೂ ಸುಮ್ಮನಿರಿ ಅಂದ. ಖಂಡಿತ ಮಾಡ್ತಾರೆ ಅಂತಾನೂ ಹೇಳಿದ."

ಅಷ್ಟಾದರೂ ನಂಬಿದ್ದನಲ್ಲ ಎಂದುಕೊಂಡೆ. ಎದೆ ಒಂದಿಷ್ಟು ಉಬ್ಬಿತು. ಅದೇ ಉಬ್ಬಿನಲ್ಲಿ, ಯಾವಾಗ ಮಾಡುತ್ತೇನೆಂದು ಹೇಳಿದ್ದ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಅವಳು ತುಸು ಸಂಕೋಚದಿಂದಲೇ ಹೇಳಿದಳು, ಊರು ಸೇರಿದ ಎರಡು ದಿನದೊಳಗೆ ಎಂದಿದ್ದನಂತೆ. ನನಗೆ ಹದಿನೇಳು ದಿನ ಹಿಡಿಯಿತು.